ಪಾಳು ತುಂಬುವ ಹೊತ್ತು

ಗು ಬೊನ್‌ಸೊಕ್‌ಗೆ ಒಂದು ಬಿರುದೂ ಇರಲಿಲ್ಲ. ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಕಲ್ಲಿಟ್ಟು ಜಾಗ ಹಿಡಿಯುವ ಬಾದುಕ್ ಆಡಿಯೇ ಅನ್ನ ತಿಂದವನು, ಕಪ್ಪು ಬಿಳಿ ಕಲ್ಲುಗಳ ಹೊರತು ಬೇರೆ ಕಸುಬು ಗೊತ್ತಿಲ್ಲದವನು, ದರ್ಜೆಯಲ್ಲಿ ಎಂಟನೆಯ ದಾನ್. ಆದರೆ ಯಾವ ಪಂದ್ಯಾವಳಿಯ ಹೆಸರೂ ಅವನ ಹೆಸರಿಗೆ ಅಂಟಿಕೊಂಡಿರಲಿಲ್ಲ. ಬೆಳಗ್ಗೆ ಲಿಫ್ಟಿನಲ್ಲಿ ಏಳನೆಯ ಮಹಡಿಯ ಹೆಂಗಸು ಸಿಕ್ಕಳು. ಅವನ ಒಂದು ಕೈಯಲ್ಲಿ ಅಡುಗೆಮನೆಯ ಕಸದ ಚೀಲ, ಇನ್ನೊಂದರಲ್ಲಿ ಕೋಟು. “ಇವತ್ತು ಆಟ ಇದೆಯಾ ಮೇಷ್ಟ್ರೇ?” “ಇದೆ.” “ಟೀವೀಲಿ ಬರುತ್ತಾ?” “ಇಲ್ಲ, ಇದು ಅರ್ಹತಾ ಸುತ್ತು.” “ಓ, ಅರ್ಹತಾ ಸುತ್ತಾ,” ಎಂದಳು ಆಕೆ, ಯಾರೋ ಆಸ್ಪತ್ರೆ ಸೇರಿದ ಸುದ್ದಿ ಕೇಳಿದವಳಂತೆ. “ಪರವಾಗಿಲ್ಲ ಬಿಡಿ.” ಕಸದ ಚೀಲದ ತಳದಿಂದ ಒಂದು ಹನಿ ಅವನ ಪಾಲಿಶ್ ಮಾಡಿದ ಬೂಟಿನ ಮೇಲೆ ಬಿತ್ತು. ಇಬ್ಬರೂ ಅದನ್ನು ನೋಡಿದರು. ಇಬ್ಬರೂ ನೋಡದವರ ಹಾಗೆ ನೆಲಮಹಡಿಯ ತನಕ ನಿಂತರು.

ಹೆಂಡತಿ ಮಿರ್ಯೊಂಗ್ ಬಾಗಿಲಲ್ಲಿ ಹೇಳಿದ್ದಳು: “ಗೆದ್ರೆ ಫೋನ್ ಮಾಡಿ. ಸೋತ್ರೆ ಬರ್ತಾ ಈರುಳ್ಳಿ ಸೊಪ್ಪು ತನ್ನಿ.” ಅದರಲ್ಲಿ ಕೊಂಕು ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ತಮಾಷೆಗೆ ಆಡಿದ ಮಾತು, ಆಮೇಲೆ ಮನೆಯ ಪದ್ಧತಿಯೇ ಆಗಿಹೋಗಿತ್ತು. ಈ ವರ್ಷ ಅವರ ಮನೆಯಲ್ಲಿ ಈರುಳ್ಳಿ ಸೊಪ್ಪಿಗೆ ಬರವಿರಲಿಲ್ಲ. ಆದರೆ ಇವತ್ತು ಗೆದ್ದರೆ ಮುಖ್ಯ ಸುತ್ತು. ಅಲ್ಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಸುರಂಗ ರೈಲಿನಲ್ಲಿ ಕಂಬ ಹಿಡಿದು ನಿಂತವನು ಫೋನು ತೆಗೆದು ನಿನ್ನೆ ಸಂಜೆಯಿಂದ ಇಪ್ಪತ್ತು ಸಲ ನೋಡಿದ್ದ ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ಎದುರಾಳಿ ಪ್ಯೊ ಸೊರಾ, ಎರಡನೆಯ ದಾನ್, ಹದಿನೈದು ವರ್ಷ, ಊರು ಗುನ್‌ಸಾನ್. ಹೆಸರಿನ ಮೇಲೆ ಬೆರಳು ಒತ್ತಿದರೆ ಇನ್ನೊಂದು ಪುಟ ತೆರೆಯುತ್ತಿತ್ತು. ಅದರ ಕೊನೆಯ ಸಾಲು: ಗುರು, ಯೊಮ್ ಥೆಹೊ. ಅವನು ಬೆರಳು ಒತ್ತಲಿಲ್ಲ. ಒತ್ತದಿದ್ದರೂ ಆ ಸಾಲು ಅಲ್ಲಿ ಇತ್ತು.

ಥೆಹೊ ಅಣ್ಣ. ಒಂದು ವರ್ಷಕ್ಕೆ ದೊಡ್ಡವನಾದ್ದರಿಂದ ಅಣ್ಣ. ಸಾರ್ವಜನಿಕ ಸ್ನಾನದ ಮನೆಯ ಮೇಲಿನ ಮಹಡಿಯಲ್ಲಿ ಮಾ ಮೇಷ್ಟ್ರ ತರಬೇತಿ ಶಾಲೆ ಇತ್ತು. ಹನ್ನೊಂದು ಹುಡುಗರು, ಒಂದು ಕೋಣೆ, ಗೋಡೆಗೆ ಒತ್ತಿ ಮಡಿಸಿಟ್ಟ ಹಾಸಿಗೆಗಳು. ಕೆಳಗಿನಿಂದ ಬಿಸಿನೀರಿನ ಹಬೆ ಬಂದು ಚಳಿಗಾಲದಲ್ಲೂ ನೆಲ ಬೆವರುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ನೂರು ಸಮಸ್ಯೆ ಬಿಡಿಸಬೇಕು, ಒಂದು ತಪ್ಪಾದರೆ ಬೀಸಣಿಗೆಯ ಹಿಡಿಯಿಂದ ತಲೆಗೆ ಒಂದು. ಥೆಹೊ ಅಣ್ಣ ತೊಂಬತ್ತು ಬಿಡಿಸಿ ಉಳಿದ ಹತ್ತಕ್ಕೆ ತಲೆ ಒಡ್ಡುತ್ತಿದ್ದ. “ಹತ್ತು ಏಟಿಗೆ ಎರಡು ನಿಮಿಷ ಸಾಕು. ಹತ್ತು ಸಮಸ್ಯೆಗೆ ಅರ್ಧ ಗಂಟೆ ಬೇಕು. ಲೆಕ್ಕ ಮಾಡೋ ಪೆದ್ದ,” ಎನ್ನುತ್ತಿದ್ದ. ಅಂಥ ಸೋಮಾರಿಯೇ ಆ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಅದು ಬೊನ್‌ಸೊಕ್‌ಗೆ ಗೊತ್ತಿತ್ತು. ಆರು ವರ್ಷ ಅವನ ಪಕ್ಕದ ಹಾಸಿಗೆಯಲ್ಲಿ ಮಲಗಿದವನಿಗೆ ಅದು ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ರೈಲು ಒಂದು ನಿಲ್ದಾಣದಲ್ಲಿ ನಿಂತಾಗ ಎದುರಿನ ಸೀಟಿನ ಮುದುಕ ಎದ್ದು ಇಳಿದ. ಬೊನ್‌ಸೊಕ್ ಆ ಖಾಲಿ ಜಾಗವನ್ನು ನೋಡಿದ. ಕೂರಲಿಲ್ಲ.

ಆಟದ ಕೋಣೆಯಲ್ಲಿ ಮೂವತ್ತು ಹಲಗೆಗಳಿದ್ದವು. ಅವನ ವಯಸ್ಸಿನವರು ನಾಲ್ಕೋ ಐದೋ ಜನ. ಅವರು ಒಬ್ಬರಿಗೊಬ್ಬರು ಕಣ್ಣಲ್ಲೇ ನಮಸ್ಕಾರ ಮಾಡಿ, ಸ್ಕ್ಯಾನಿಂಗ್ ಕೋಣೆಯ ಹೊರಗೆ ಕಾಯುವವರಂತೆ ಬೇರೆ ಕಡೆ ನೋಡುತ್ತಿದ್ದರು. ಹುಡುಗಿ ಆಗಲೇ ಬಂದು ಕೂತಿದ್ದಳು. ಹಲ್ಲಿಗೆ ತಂತಿ, ಮೈಗೆ ಎರಡು ಅಳತೆ ದೊಡ್ಡದಾದ ಕೋಟು, ಹಲಗೆಯ ಪಕ್ಕದಲ್ಲಿ ಜೆಲ್ಲಿ ಮಿಠಾಯಿಯ ಪೊಟ್ಟಣ. ಅವನನ್ನು ಕಂಡೊಡನೆ ಎದ್ದು ಸೊಂಟ ಬಗ್ಗಿಸಿದಳು. “ತುಂಬ ಕಲಿಸಿಕೊಡಿ ಮೇಷ್ಟ್ರೇ. ನಮ್ ಮೇಷ್ಟ್ರು ನಿಮಗೆ ನಮಸ್ಕಾರ ತಿಳಿಸೋಕೆ ಹೇಳಿದ್ರು.” ಅವನು ಕುರ್ಚಿ ಎಳೆದು ಕೂತ. “ಬಂದಿದಾನಾ?” “ಕೆಳಗೆ ವ್ಯಾನಲ್ಲಿ ಮಲಗಿದಾರೆ. ಬೆಳಗಿನ ಜಾವ ನಾಲ್ಕಕ್ಕೇ ಹೊರಟ್ವಿ.” “ಮೇಲೆ ಬರಲ್ವಾ?” “ಬರಲ್ಲ. ಮೆಟ್ಟಿಲು ಹತ್ತೋಕೆ ಬೇಜಾರಂತೆ,” ಎಂದು ತಂತಿಯ ಹಲ್ಲು ತೋರಿಸಿ ನಕ್ಕಳು. ಈ ಕಟ್ಟಡದ ಮೆಟ್ಟಿಲನ್ನು ಥೆಹೊ ಇಪ್ಪತ್ತಾರು ವರ್ಷದಿಂದ ಹತ್ತಿರಲಿಲ್ಲ. ಶಿಷ್ಯರನ್ನು ಕರೆತಂದಾಗಲೆಲ್ಲ ಹೊರಗೇ ಉಳಿಯುತ್ತಾನೆ ಎಂದು ಯಾರೋ ಹೇಳಿದ್ದನ್ನು ಬೊನ್‌ಸೊಕ್ ಕೇಳಿದ್ದ, ಕೇಳಿ ಮಾತು ಬದಲಿಸಿದ್ದ.

ಹಿರಿಯನಾದ್ದರಿಂದ ಅವನು ಬಿಳಿ ಕಲ್ಲುಗಳನ್ನು ಮುಷ್ಟಿಯಲ್ಲಿ ಮುಚ್ಚಿ ಹಲಗೆಯ ಮೇಲಿಟ್ಟ. ಅವಳು ಬೆಸ ಎಂದು ಒಂದು ಕಪ್ಪು ಕಲ್ಲು ಇಟ್ಟಳು. ಹದಿಮೂರು ಇದ್ದವು. ಕಪ್ಪು ಅವಳದಾಯಿತು, ಬಿಳಿ ಅವನದು. ಮೊದಲ ಮೂವತ್ತು ನಡೆ ಇಬ್ಬರೂ ಯೋಚಿಸಲಿಲ್ಲ. ಕಂಪ್ಯೂಟರ್ ಹೇಳಿಕೊಟ್ಟ ಆರಂಭ, ದೇಶದ ಪ್ರತಿ ಮಗುವಿಗೂ ಬಾಯಿಪಾಠ. ಅವನು ನಲವತ್ತು ದಾಟಿದ ಮೇಲೆ ಅದನ್ನು ಹೊಸ ಭಾಷೆಯ ಕ್ರಿಯಾಪದಗಳಂತೆ ಉರು ಹೊಡೆದಿದ್ದ. ಅವಳು ಅದರಲ್ಲೇ ಹುಟ್ಟಿದವಳು. ಅವಳು ಕಲ್ಲು ಇಡುವ ರೀತಿಯಲ್ಲಿ ಸದ್ದಿರಲಿಲ್ಲ. ಅವನ ಕಾಲದಲ್ಲಿ ಕಲ್ಲು ಟಪ್ಪೆಂದು ಕೂರಬೇಕಿತ್ತು, ಅದರಲ್ಲೇ ಅರ್ಧ ಗೆಲುವು ಎನ್ನುತ್ತಿದ್ದರು ಮಾ ಮೇಷ್ಟ್ರು. ಅವನು ಟಪ್ಪೆನಿಸಿದ. ಪಕ್ಕದ ಹಲಗೆಯ ಹುಡುಗ ತಲೆಯೆತ್ತಿ ನೋಡಿದ. ಅವನು ಮುಂದಿನದನ್ನು ಮೆತ್ತಗೆ ಇಟ್ಟ.

ಮಧ್ಯಾಹ್ನದ ಹೊತ್ತಿಗೆ ಅವನು ಸೋಲುತ್ತಿದ್ದ. ಇಂತಿಷ್ಟೇ ಎಂದು ಗೊತ್ತಿರುವ, ಜಗಳವಿಲ್ಲದ ಸೋಲು. ಆಮೇಲೆ ನೂರ ಮೂವತ್ತೇಳನೆಯ ನಡೆಯಲ್ಲಿ ಹುಡುಗಿ ಆಸೆಬುರುಕಳಾದಳು. ಹಿಂದೆ ಸರಿಯಬೇಕಾದಲ್ಲಿ ಒಳಗೆ ನುಗ್ಗಿದಳು. ಅವನು ಹತ್ತು ನಿಮಿಷ ನೋಡಿದ. ಮೂಲೆಯಲ್ಲಿ ತನಗೆ ಏಳು ಮನೆ, ಎಂದರೆ ಸುತ್ತುಗಟ್ಟಿದ ಏಳು ಖಾಲಿ ಜಾಗ, ಬರುವುದು ಕಂಡಿತು. ಕಂಡ ಕೂಡಲೇ ಬೆನ್ನು ನೆಟ್ಟಗಾಯಿತು. ಬೆನ್ನು ನೆಟ್ಟಗಾದದ್ದು ಅವಳಿಗೂ ಕಾಣಿಸಿರುತ್ತದೆ ಎಂದು ನಾಚಿಕೆಯಾಗಿ ಮತ್ತೆ ಬಗ್ಗಿ ಕೂತ. ಅವಳು ಜೆಲ್ಲಿ ಅಗಿಯುವುದನ್ನು ನಿಲ್ಲಿಸಿದ್ದಳು. ಕಿವಿಗಳು ಕೆಂಪಾಗಿದ್ದವು. ಥೆಹೊನ ಕಿವಿಗಳೂ ಹೀಗೇ ಕೆಂಪಾಗುತ್ತಿದ್ದವು. ಆ ದಿನ ಮಾತ್ರ ಆಗಿರಲಿಲ್ಲ. ಆ ದಿನ ಅವನು ಮೊದಲಿನಿಂದಲೂ ಮುಂದಿದ್ದ.

ಇಪ್ಪತ್ತಾರು ವರ್ಷದ ಹಿಂದಿನ ಜುಲೈ ತಿಂಗಳು. ಇದೇ ಕಟ್ಟಡ, ಒಂದು ಮಹಡಿ ಕೆಳಗೆ. ವೃತ್ತಿಯಾಟಗಾರರನ್ನು ಆರಿಸುವ ಪಂದ್ಯಾವಳಿ, ಉಳಿದದ್ದು ಒಂದೇ ಸ್ಥಾನ, ಉಳಿದವರು ಇಬ್ಬರೇ. ಹದಿನೆಂಟು ತುಂಬುವುದರೊಳಗೆ ಆಯ್ಕೆಯಾಗದವನು ಗಂಟುಮೂಟೆ ಕಟ್ಟಬೇಕು, ಆಗ ಅದು ನಿಯಮ. ಥೆಹೊಗೆ ಸೆಪ್ಟೆಂಬರಿಗೆ ಹದಿನೆಂಟು ತುಂಬುತ್ತಿತ್ತು. ಬೊನ್‌ಸೊಕ್‌ಗೆ ಇನ್ನೂ ಒಂದು ವರ್ಷ ಬಾಕಿ ಇತ್ತು. ಆಮೇಲೆ ಈ ಕತೆಯನ್ನು ಯಾರು ಹೇಳಿದರೂ ಆ ಒಂದು ವರ್ಷವನ್ನು ಹೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಥೆಹೊನ ತಾಯಿ ಮೀನಿನ ಮಾರುಕಟ್ಟೆಯಿಂದ ರಜೆ ಹಾಕಿ ಬಂದು, ಮೆಟ್ಟಿಲ ಮೇಲೆ ಇಬ್ಬರಿಗೂ ಊಟ ಇಟ್ಟುಕೊಂಡು ಕೂತಿದ್ದಳು. ಇಬ್ಬರಿಗೂ. ಒಂದು ಡಬ್ಬಿ ನೀಲಿ, ಒಂದು ಕೆಂಪು. “ಯಾರು ಗೆದ್ರೂ ಇಬ್ಬರೂ ಉಣ್ಬೇಕು, ತಿಳೀತಾ?” ಎಂದಿದ್ದಳು. ಕೆಂಪು ಡಬ್ಬಿಯಲ್ಲಿ ಬೊನ್‌ಸೊಕ್‌ಗೆ ಸೇರದ ಸೌತೆಕಾಯಿಯನ್ನು ತೆಗೆದು ಮೊಟ್ಟೆ ಹೆಚ್ಚಿಗೆ ಹಾಕಿ ಅನ್ನದ ಸುರುಳಿ ಸುತ್ತಿದ್ದಳು.

“ಕೊನೆಯ ಒಂದು ನಿಮಿಷ,” ಎಂದಿತು ಗಡಿಯಾರದ ಹೆಣ್ಣು ದನಿ. ಬೊನ್‌ಸೊಕ್‌ನ ಸಮಯ ಮುಗಿದಿತ್ತು. ಇನ್ನು ಪ್ರತಿ ನಡೆಗೂ ಅರವತ್ತು ಸೆಕೆಂಡು. ಬಚ್ಚಲಿಗೆ ಹೋಗಬೇಕಿತ್ತು, ಹೋಗುವಂತಿರಲಿಲ್ಲ. ಅವನು ತೊಡೆ ಒತ್ತಿಕೊಂಡು ಆಡಿದ. ಹಲಗೆ ಸಣ್ಣದಾಗುತ್ತ ಬಂತು. ಎರಡೆರಡು ಮನೆಯ ಜಾಗಗಳು, ಆಮೇಲೆ ಒಂದೊಂದು ಮನೆಯವು. ಅವನು ಎಣಿಸಿದ. ಮತ್ತೆ ಎಣಿಸಿದ. ಅರ್ಧ ಮನೆ. ಕಪ್ಪು ಮೊದಲು ಆಡುವುದಕ್ಕೆ ಬಿಳಿಯವನಿಗೆ ಕೊಡುವ ಆರೂವರೆ ಮನೆಯನ್ನೂ ಸೇರಿಸಿದರೆ ಅರ್ಧ ಮನೆ ತನಗೆ. ಅವನಿಗೆ ನಂಬಿಕೆ ಬರಲಿಲ್ಲ. ಮೂರನೆಯ ಸಲವೂ ಅರ್ಧವೇ. ಹುಡುಗಿಯೂ ಎಣಿಸಿದ್ದಳು. ಅವಳ ಮುಖ ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಆದರೂ ಕೈ ನಿಲ್ಲಿಸದೆ ಕೊನೆಯ ಒಂದು ಮನೆಯ ನಡೆ ಮುಗಿಸಿ, “ಆಯ್ತಲ್ವಾ ಮೇಷ್ಟ್ರೇ?” ಎಂದಳು. “ಆಯ್ತು,” ಎಂದ. ಅವಳು ಗಡಿಯಾರ ನಿಲ್ಲಿಸಿದಳು. ಇನ್ನು ಉಳಿದದ್ದು ಪಾಳು ತುಂಬುವುದು.

ಪಾಳು ಎಂದರೆ ಕಪ್ಪಿಗೂ ಸೇರದ, ಬಿಳಿಗೂ ಸೇರದ, ಎರಡರ ಗಡಿಯಲ್ಲಿ ಖಾಲಿ ಬಿದ್ದ ಜಾಗ. ಅದರಲ್ಲಿ ಕಲ್ಲಿಟ್ಟರೆ ಯಾರಿಗೂ ಏನೂ ಸಿಕ್ಕದು. ಮನೆ ಎಣಿಸುವುದಕ್ಕೆ ಮುಂಚೆ ಅದನ್ನೆಲ್ಲ ತುಂಬಿ ಮುಗಿಸಬೇಕು, ಅಷ್ಟೆ. ಆಟ ಮುಗಿದುಹೋಗಿರುತ್ತದೆ, ಗೆದ್ದವನಿಗೂ ಸೋತವನಿಗೂ ಗೊತ್ತಾಗಿರುತ್ತದೆ, ಸರದಿಯನ್ನೂ ಯಾರೂ ನೋಡುವುದಿಲ್ಲ, ಇಬ್ಬರೂ ಸೇರಿ ಪಾತ್ರೆ ತೊಳೆದಂತೆ ತುಂಬುತ್ತಾರೆ. ಒಂದೇ ಒಂದು ಎಚ್ಚರ: ಹೊರಗಿನ ಪಾಳು ತುಂಬುತ್ತ ಹೋದ ಹಾಗೆ ಕೆಲವು ಕಲ್ಲುಗಳಿಗೆ ಉಸಿರು ಕಟ್ಟುತ್ತದೆ. ಆಗ ಅವುಗಳ ಒಡೆಯ ಅಲ್ಲೊಂದು ಕಲ್ಲಿಟ್ಟು ಜೋಡಿಸಿಕೊಳ್ಳಬೇಕು, ಇಲ್ಲದಿದ್ದರೆ ಎದುರಿನವನು ಅವನ್ನು ಹೊಡೆದು ಎತ್ತಿಕೊಳ್ಳಬಹುದು. ಅದೂ ಲೆಕ್ಕಕ್ಕೆ ಬಾರದ ಕಲ್ಲು. ಥೆಹೊ ಅದನ್ನು ಎಂದೂ ಇಡುತ್ತಿರಲಿಲ್ಲ. ಆರು ವರ್ಷ, ದಿನಕ್ಕೆ ಮೂರು ಆಟ, ಪಾಳು ತುಂಬುವ ಹೊತ್ತಿಗೆ ಅವನು ಗೋಡೆಗೆ ಒರಗಿ ಒಂದು ಕೈಯಲ್ಲಿ ಹೊಟ್ಟೆ ಕೆರೆದುಕೊಳ್ಳುತ್ತ, “ಇಡೋ, ನನ್ನದನ್ನೂ ನೀನೇ ಇಡು. ಹಸಿವಾಗ್ತಿದೆ. ಇವತ್ತು ನೂಡಲ್ಸಿಗೆ ಮೊಟ್ಟೆ ಒಡೆಯೋಣವಾ, ಬೇಡವಾ?” ಎನ್ನುತ್ತಿದ್ದ. ಬೊನ್‌ಸೊಕ್ ಎಡಗೈಯಿಂದ ಥೆಹೊನ ಡಬ್ಬಿಯಿಂದ ಕಲ್ಲು ತೆಗೆದು ಅವನದನ್ನು ಜೋಡಿಸಿ, ಬಲಗೈಯಿಂದ ತನ್ನದನ್ನು ಇಡುತ್ತಿದ್ದ. “ಒಡೆಯೋಣ, ಆದ್ರೆ ಒಂದೇ,” ಎನ್ನುತ್ತಿದ್ದ. ಎಡಗೈಗೆ ಆ ಕೆಲಸ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣೂ ಬೇಕಾಗಿರಲಿಲ್ಲ.

ಜುಲೈಯ ಆ ಸಂಜೆ ಥೆಹೊ ಅರ್ಧ ಮನೆ ಮುಂದಿದ್ದ. ಎಣಿಸಿ ಮುಗಿಸಿ ಅವನು ಹಲಗೆಯಿಂದ ಸ್ವಲ್ಪ ಹಿಂದೆ ಸರಿದ. ಬಲ ಅಂಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಎಡಗೈಯಿಂದ ಸುಮ್ಮನೆ, ಬೆರಳ ಸಂದಿನಿಂದ ನೋಡಿಯೂ ನೋಡದಂತೆ, ಪಾಳಿನಲ್ಲಿ ಕಲ್ಲಿಡುತ್ತಿದ್ದ. ಬಲಬದಿಯಲ್ಲಿ ಅವನ ಎರಡು ಕಪ್ಪು ಕಲ್ಲುಗಳಿದ್ದವು. ಹೊರಗಿನ ಪಾಳು ತುಂಬಿದರೆ ಅವಕ್ಕೆ ಉಸಿರು ಕಟ್ಟುತ್ತದೆ ಎಂಬುದನ್ನು ಬೊನ್‌ಸೊಕ್ ನಲವತ್ತು ನಡೆ ಮೊದಲೇ ನೋಡಿದ್ದ. ನೋಡಿ ಮರೆತಿರಲಿಲ್ಲ. ಪ್ರತಿ ನಡೆಗೂ ಒಮ್ಮೆ ಆ ಕಡೆ ಕಣ್ಣು ಹಾಯಿಸದಿರಲು ಶ್ರಮಪಟ್ಟಿದ್ದ. ಜೋಡಿಸಿಬಿಡಲಿ ಎಂದುಕೊಂಡ. ಜೋಡಿಸದಿರಲಿ ಎಂದೂ ಅಂದುಕೊಂಡ. ಒಂದೊಂದೇ ಪಾಳು ತುಂಬಿತು. ಆ ಬದಿಯ ಕೊನೆಯದನ್ನು ಬೊನ್‌ಸೊಕ್‌ನೇ ತುಂಬಿದ. ಎರಡು ಕಪ್ಪು ಕಲ್ಲುಗಳಿಗೆ ಉಸಿರು ಕಟ್ಟಿತು. ಥೆಹೊ ಇನ್ನೊಂದು ಮೂಲೆಯ ಪಾಳಿನಲ್ಲಿ ಕಲ್ಲಿಟ್ಟು, ಕಣ್ಣಿನ ಮೇಲಿನ ಕೈ ತೆಗೆಯದೆ, ಮೂಗಿನ ದನಿಯಲ್ಲಿ ಹೇಳಿದ: “ಇಡೋ. ನನ್ನದನ್ನೂ ಇಡು.”

ಇದನ್ನು ಬೊನ್‌ಸೊಕ್ ಯಾರಿಗೂ ಹೇಳಿರಲಿಲ್ಲ. ಮಾ ಮೇಷ್ಟ್ರಿಗೆ ಹೇಳಿರಲಿಲ್ಲ, ಹೆಂಡತಿಗೆ ಹೇಳಿರಲಿಲ್ಲ. ಎಲ್ಲರಿಗೂ ಹೇಳಿದ್ದು, ಕೈ ತಾನಾಗಿ ಹೋಯಿತು ಎಂದು. ಕೈ ತಾನಾಗಿ ಹೋಗಿರಲಿಲ್ಲ. ತಾನಾಗಿ ಹೊರಟದ್ದು ಎಡಗೈ, ಥೆಹೊನ ಡಬ್ಬಿಯ ಕಡೆಗೆ. ಅದನ್ನು ಅವನು ಹಿಡಿದು ನಿಲ್ಲಿಸಿದ, ತೊಡೆಯ ಮೇಲಿಟ್ಟು ಒತ್ತಿಕೊಂಡ, ಬಲಗೈಯಿಂದ ತನ್ನ ಡಬ್ಬಿಯ ಬಿಳಿ ಕಲ್ಲು ತೆಗೆದು ಅಲ್ಲಿಟ್ಟು ಎರಡು ಕಪ್ಪು ಕಲ್ಲುಗಳನ್ನು ಎತ್ತಿದ. ಟಪ್ಪೆನ್ನಲಿಲ್ಲ. ಥೆಹೊ ಕಣ್ಣಿನಿಂದ ಕೈ ತೆಗೆದ. ತೀರ್ಪುಗಾರ ಬಂದ. ಮಾ ಮೇಷ್ಟ್ರು ಬಂದರು. “ನಿಯಮ ನಿಯಮವೇ. ಕೊನೇ ಕಲ್ಲು ಇಡೋ ತನಕ ಆಟ ಆಟವೇ,” ಎಂದರು. ಅವರು ಹೇಳಿದ್ದು ಸರಿ. ಯಾರೂ ತಪ್ಪು ಎನ್ನಲಿಲ್ಲ. ಥೆಹೊ ಕೂಡ, “ನಂದೇ ತಪ್ಪು,” ಎಂದು ತಲೆ ಬಗ್ಗಿಸಿ ಹಲಗೆಯ ಮುಂದಿನಿಂದ ಎದ್ದ. ಆಟ ಮುಗಿದ ಮೇಲೆ ಇಬ್ಬರೂ ಕೂತು ಮೊದಲಿನಿಂದ ನಡೆಗಳನ್ನು ಇಟ್ಟು ನೋಡುವುದು ಪದ್ಧತಿ. ಆ ಆಟವನ್ನು ಅವರು ಇಟ್ಟು ನೋಡಲಿಲ್ಲ. ಮೆಟ್ಟಿಲಲ್ಲಿ ಕೆಂಪು ಡಬ್ಬಿ ಒಂದೇ ಉಳಿದಿತ್ತು. ಅವನು ಅದನ್ನು ತೆಗೆದುಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೇ ತಿಂದ. ಹಸಿವಾಗಿತ್ತು. ಪೂರ್ತಿ ತಿಂದ.

ಆಮೇಲೆ ಕೆಲವು ವರ್ಷ ಕಿರಿಯರು ಅವನ ಬೆನ್ನ ಹಿಂದೆ ‘ಪಾಳಿನ ದೊರೆ’ ಎನ್ನುತ್ತಿದ್ದರು. ಅವರಿಗೆಲ್ಲ ವಯಸ್ಸಾಗಿ ಅದೂ ನಿಂತಿತು. ಥೆಹೊ ಸೈನ್ಯಕ್ಕೆ ಹೋದ, ಮೀನಿನ ಲಾರಿ ಓಡಿಸಿದ, ಗುನ್‌ಸಾನಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಶಾಲೆ ತೆರೆದ. ಮದುವೆಯ ಕರೆಯೋಲೆ ಬಂದಿತ್ತು. ಬೊನ್‌ಸೊಕ್ ಆ ದಿನ ಪಂದ್ಯವಿದೆ ಎಂದು ಸುಳ್ಳು ಹೇಳಿದ. ಪಂದ್ಯಗಳ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ, ಯಾರು ಬೇಕಾದರೂ ನೋಡಬಹುದು ಎಂಬುದು ಆಮೇಲೆ ಹೊಳೆಯಿತು.

ಈಗ ಅವನ ಬಲಗೈ ಪಾಳು ತುಂಬುತ್ತಿತ್ತು. ಒಂಬತ್ತು ವರ್ಷ. ಮಿರ್ಯೊಂಗ್‌ಗೆ ಫೋನು ಮಾಡಬೇಕು. ಮಾಡಿದರೆ ಅವಳು ಮೊದಲು, ಏನಾಯ್ತು, ಮೈ ಹುಷಾರಿಲ್ವಾ ಎನ್ನುತ್ತಾಳೆ. ಕೆಳಗೆ ವ್ಯಾನಿನಲ್ಲಿ ಥೆಹೊ ಮಲಗಿದ್ದಾನೆ; ಮುಂದಿನ ಬಾಗಿಲಿನಿಂದ ಹೋಗುವುದು ಬೇಡ. ಒಂದು ಪಾಳು, ಇನ್ನೊಂದು ಪಾಳು. ಹುಡುಗಿ ತಲೆ ತಗ್ಗಿಸಿ ತುಂಬುತ್ತಿದ್ದಳು. ಅವಳ ರೆಪ್ಪೆ ಒದ್ದೆಯಾಗಿತ್ತು, ಆದರೆ ಬಾಯಿ ಮತ್ತೆ ಜೆಲ್ಲಿ ಅಗಿಯುತ್ತಿತ್ತು. ಅವಳು ಎಡಬದಿಯಲ್ಲಿ ಒಂದು ಕಪ್ಪು ಕಲ್ಲಿಟ್ಟಳು. ಅವನು ಮೇಲ್ಗಡೆ ಒಂದು ಬಿಳಿ ಇಟ್ಟ. ಆಗ ಅವಳ ಎಡಗೈ ಹಲಗೆಯನ್ನು ದಾಟಿ ಬಂತು. ಅವನ ಡಬ್ಬಿಯೊಳಗೆ ಇಳಿಯಿತು. ಒಂದು ಬಿಳಿ ಕಲ್ಲನ್ನು ಎತ್ತಿ, ಎಡಬದಿಯಲ್ಲಿ ಉಸಿರು ಕಟ್ಟಿ ನಿಂತಿದ್ದ ಅವನ ಮೂರು ಬಿಳಿ ಕಲ್ಲುಗಳ ಸಂದಿನಲ್ಲಿ ಇಟ್ಟು ಹಿಂದಕ್ಕೆ ಹೋಯಿತು. ಅವಳು ತಲೆಯನ್ನೂ ಎತ್ತಲಿಲ್ಲ. ಬಲಗೈ ಮುಂದಿನ ಪಾಳಿಗೆ ಹೋಗಿತ್ತು.

ಅವನು ಆ ಕಲ್ಲನ್ನು ನೋಡಿದ. ಆ ಮೂರು ಕಲ್ಲು. ಬೆಳಗ್ಗೆಯೇ ಅವನ್ನು ಲೆಕ್ಕದಲ್ಲಿಟ್ಟಿದ್ದ, ಕೊನೆಗೆ ಜೋಡಿಸಬೇಕು ಎಂದುಕೊಂಡಿದ್ದ, ಅರ್ಧ ಮನೆ ಎಂದ ಕೂಡಲೇ ಮರೆತಿದ್ದ. ಅವಳು ಬಲಗೈಯಿಂದ ಕಪ್ಪು ಕಲ್ಲಿಟ್ಟಿದ್ದರೆ ಮೂರೂ ಹೋಗುತ್ತಿದ್ದವು. ನಿಯಮ ನಿಯಮವೇ. ಅವಳು ಗೆಲ್ಲುತ್ತಿದ್ದಳು, ಯಾರೂ ತಪ್ಪು ಎನ್ನುತ್ತಿರಲಿಲ್ಲ. “ಇದು...” ಎಂದ. “ಅಲ್ಲಿ ಜೋಡಿಸ್ಬೇಕಲ್ವಾ ಮೇಷ್ಟ್ರೇ?” ಎಂದಳು ಅವಳು, ತಾನೇ ತಪ್ಪು ಮಾಡಿದೆನೇನೋ ಎಂಬ ಗಾಬರಿಯಲ್ಲಿ. “ಹೌದು,” ಎಂದ ಬೊನ್‌ಸೊಕ್. ಆ ಕಲ್ಲನ್ನು ಎತ್ತಿ ಅವಳ ಮುಂದಿಟ್ಟು, ಇದು ನಿನ್ನ ನಡೆ, ನನ್ನದನ್ನು ಹೊಡೆ, ಎನ್ನಬಹುದಿತ್ತು. ಸೋತೆ ಎಂದು ಕೈ ಮುಗಿಯಬಹುದಿತ್ತು. ಅವನಿಗೆ ಬಚ್ಚಲಿಗೆ ಹೋಗಬೇಕಿತ್ತು. ಬೇಗ ಮುಗಿಯಲಿ ಎನ್ನಿಸಿತು. ಮುಂದಿನ ಪಾಳು ತುಂಬಿದ.

ಪದ್ಧತಿಯಂತೆ ಅವಳು ಅವನ ಮನೆಗಳನ್ನು ಎಣಿಸಲು ಜೋಡಿಸಿದಳು, ಅವನು ಅವಳದನ್ನು. ಸೆರೆ ಸಿಕ್ಕ ಕಲ್ಲುಗಳನ್ನು ತುಂಬಿ, ಹತ್ತು ಹತ್ತರ ಕಟ್ಟುಗಳಾಗಿ ನೇರ ಮಾಡಿದರು. ಅವಳು ಮಾಡಿದ ಕಟ್ಟುಗಳು ಅಂಚು ತೀಡಿದಂತೆ ಇದ್ದವು. ಅರ್ಧ ಮನೆ, ಬಿಳಿ. ಅವಳು ಒಮ್ಮೆ ಬಾಯಿ ಬಿಗಿದು, ತಲೆ ಬಗ್ಗಿಸಿದಳು. “ಕಲಿತೆ ಮೇಷ್ಟ್ರೇ.” ಅವನು ಬಚ್ಚಲಿಗೆ ಹೋಗಿಬಂದ. ಕನ್ನಡಿ ನೋಡಲಿಲ್ಲ. ಬಂದಾಗ ಅವಳು ಕಲ್ಲುಗಳನ್ನು ತೆಗೆದು ಮತ್ತೆ ಮೊದಲಿನಿಂದ ಇಡುತ್ತಿದ್ದಳು, ನೂರ ಮೂವತ್ತೇಳರ ತನಕ. “ಇಲ್ಲಿ ಅಲ್ವಾ?” ಎಂದಳು. ಅವನು ಕೂತ. ನೂರ ಮೂವತ್ತೇಳರ ಬಗ್ಗೆ ಅವನು ಇಪ್ಪತ್ತು ನಿಮಿಷ ಮಾತಾಡಿದ. ಹಿಂದೆ ಸರಿದಿದ್ದರೆ ಹೇಗೆ, ಕೊಂಡಿ ಹಾಕಿದ್ದರೆ ಹೇಗೆ, ಆಸೆ ಹೇಗೆ ಮನುಷ್ಯನ ಕಣ್ಣು ಕಟ್ಟುತ್ತದೆ. ಇಷ್ಟು ಚೆನ್ನಾಗಿ ಅವನು ಎಂದೂ ಪಾಠ ಹೇಳಿರಲಿಲ್ಲ. ಪಕ್ಕದ ಹಲಗೆಯ ಹುಡುಗರೂ ಬಂದು ನಿಂತು ಕೇಳಿದರು. ಅವರು ಹೋದ ಮೇಲೆ ಅವನು ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದ, “ಅದನ್ನ ನಿನಗೆ ಯಾರು ಕಲಿಸಿದ್ದು?”

“ಯಾವುದನ್ನ?”

“ಎದುರಿನವರ ಕಲ್ಲು ಇಡೋದನ್ನ.”

“ಓ ಅದಾ? ಯಾರೂ ಕಲಿಸಿಲ್ಲ. ನಮ್ ಶಾಲೇಲಿ ಎಲ್ಲರೂ ಹಾಗೇನೇ.” ಅವಳು ನಕ್ಕಳು. “ನಮ್ ಮೇಷ್ಟ್ರು ಪಾಳು ತುಂಬೋವಾಗ ತಮ್ಮದನ್ನ ಇಡೋದೇ ಇಲ್ಲ. ಮಹಾ ಸೋಮಾರಿ. ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಬಿಡ್ತಾರೆ. ನಾವೇ ಇಡ್ಬೇಕು.”

ಬೊನ್‌ಸೊಕ್ ಹಿಂದಿನ ಮೆಟ್ಟಿಲಿನಿಂದ ಇಳಿದ. ಆ ಮೆಟ್ಟಿಲಲ್ಲಿ ಹಳೆಯ ಹಲಗೆಗಳನ್ನೂ ಮುರಿದ ಕುರ್ಚಿಗಳನ್ನೂ ಪೇರಿಸಿಟ್ಟಿದ್ದರು. ಕೋಟಿನ ತೋಳು ಎಲ್ಲೋ ಸಿಕ್ಕಿ ಹರಿಯಿತು. ಕೆಳಗಿನ ಕಬ್ಬಿಣದ ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಬಂದರೆ ಅದು ವಾಹನ ನಿಲ್ಲಿಸುವ ಜಾಗ. ಎದುರಿಗೇ ಹಳದಿ ವ್ಯಾನು. ಅದರ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಒಬ್ಬ ದಪ್ಪನೆಯ ಮನುಷ್ಯ ಕಾಗದದ ಲೋಟದಿಂದ ನೂಡಲ್ಸ್ ಸುರಿದುಕೊಳ್ಳುತ್ತಿದ್ದ. ಅವನು ತಲೆಯೆತ್ತಿದ. ಬಾಯಲ್ಲಿ ಇದ್ದದ್ದನ್ನು ನುಂಗಿದ.

“ಏ, ಬೊನ್‌ಸೊಕ್! ಕೂದಲೆಲ್ಲ ಎಲ್ಲಿ ಬಿಟ್ಟುಬಂದ್ಯೋ?”

“ಅಣ್ಣ,” ಎಂದ ಬೊನ್‌ಸೊಕ್. ಇಪ್ಪತ್ತಾರು ವರ್ಷದಿಂದ ಬಾಯಿಪಾಠ ಮಾಡಿಟ್ಟ ಮಾತುಗಳಿದ್ದವು. ಅವು ಒಂದೂ ಬರಲಿಲ್ಲ. “ನೀನು ದಪ್ಪ ಆಗಿದೀಯ.”

“ಹೆಂಡತಿ ಕೈಯಡುಗೆ. ಅಲ್ಲ, ಕಳ್ಳನ ಹಾಗೆ ಹಿಂದಿನ ಬಾಗಿಲಲ್ಲಿ ಯಾಕೋ ಬಂದೆ? ಲಿಫ್ಟ್ ಕೆಟ್ಟಿದೆಯಾ?” ಥೆಹೊ ಪಕ್ಕಕ್ಕೆ ಸರಿದು ವ್ಯಾನಿನ ನೆಲವನ್ನು ತಟ್ಟಿದ. “ಕೂತ್ಕೊ.” ಬೊನ್‌ಸೊಕ್ ಕೂರಲಿಲ್ಲ. “ಅಮ್ಮ ಹೋದ್ಲು, ಹೋದ ಚಳೀಲಿ. ತಿಳಿಸ್ಬೇಕು ಅಂದ್ಕೊಂಡೆ. ನಿನ್ನ ಪಂದ್ಯ ಇರುತ್ತೇನೋ ಅಂತ ಬಿಟ್ಟೆ,” ಎಂದ ಥೆಹೊ. ದನಿಯಲ್ಲಿ ಕೊಂಕಿದೆಯೇ ಎಂದು ಬೊನ್‌ಸೊಕ್ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಸುಲಭವಿತ್ತು.

ಆಗ ಕಟ್ಟಡದ ಮೂಲೆ ಸುತ್ತಿ ಹುಡುಗಿ ಬಂದಳು. ಬರುತ್ತಲೇ ಹೆಬ್ಬೆರಳು ತೋರುಬೆರಳುಗಳ ನಡುವೆ ಕೂದಲೆಳೆಯಷ್ಟು ಸಂದು ಮಾಡಿ ತೋರಿಸಿದಳು.

“ಅರ್ಧ ಮನೇನಾ?” ಥೆಹೊ ಲೋಟ ಕೆಳಗಿಟ್ಟ. “ಅಯ್ಯೋ ನಿನ್ನ! ಎಲ್ಲಿ ಕಳ್ಕೊಂಡೆ?” ಅವಳು ಬೊನ್‌ಸೊಕ್‌ನ ಕಡೆ ಕೈ ತೋರಿಸಿದಳು, ಅವರೇ ಚೆನ್ನಾಗಿ ಹೇಳುತ್ತಾರೆ ಎಂಬಂತೆ. ಥೆಹೊ ಅವನನ್ನು ನೋಡಿದ. “ಎಲ್ಲೋ?”

“ನೂರ ಮೂವತ್ತೇಳು,” ಎಂದ ಬೊನ್‌ಸೊಕ್. “ಹಿಂದೆ ಸರೀಬೇಕಿತ್ತು. ನುಗ್ಗಿದಳು.”

“ಹೊಟ್ಟೆಬಾಕಿ,” ಎಂದು ಥೆಹೊ ಅವಳ ತಲೆಗೆ ಬೆರಳ ಗೆಣ್ಣಿನಿಂದ ಮೆತ್ತಗೆ ಕುಟ್ಟಿದ. ಆಮೇಲೆ, ಲೋಟವನ್ನು ಮತ್ತೆ ಎತ್ತಿಕೊಳ್ಳುತ್ತ, ಹಾಗೇ ಕೇಳಿದ: “ಕೊನೇಲಿ? ಕೊನೇಲಿ ಏನೂ ಇರ್ಲಿಲ್ವಾ?”

ವ್ಯಾನಿನ ಮೇಲೆ ಬಿಸಿಲು ಬಿದ್ದಿತ್ತು. ಬಾಗಿಲ ಮೇಲೆ ಮಕ್ಕಳು ಬರೆದ ಕಪ್ಪು ಬಿಳಿ ಚುಕ್ಕಿಗಳಿದ್ದವು. ಒಂದಕ್ಕೆ ಯಾರೋ ಮೂಗು ಬಾಯಿ ಬರೆದಿದ್ದರು. ಬೊನ್‌ಸೊಕ್ ಆ ಮುಖವನ್ನು ನೋಡಿದ.

“ಏನೂ ಇರ್ಲಿಲ್ಲ,” ಎಂದ.

“ಪಾಳು ತುಂಬಿದ್ವಿ, ಅಷ್ಟೇ,” ಎಂದಳು ಹುಡುಗಿ, ಹೊಸ ಜೆಲ್ಲಿ ಪೊಟ್ಟಣವನ್ನು ಹಲ್ಲಿನಿಂದ ಹರಿಯುತ್ತ.

ಥೆಹೊ ಅವನನ್ನು ಇನ್ನೂ ಒಂದು ಗಳಿಗೆ ನೋಡಿದ. “ಹ್ಞೂಂ,” ಎಂದ. ಎದ್ದು ವ್ಯಾನಿನೊಳಗೆ ತಡಕಾಡಿ ಒಂದು ಕಾಗದದ ಚೀಲ ತಂದು ಅವನ ಕೈಗೆ ತುರುಕಿದ. “ನಮ್ಮೂರ ಹೂರಣದ ಬನ್ನು. ಬೆಳಗ್ಗೆ ಬಿಸಿ ಇತ್ತು. ಮುಖ್ಯ ಸುತ್ತಲ್ಲಿ ಚೆನ್ನಾಗಿ ಆಡೋ. ಟೀವೀಲಿ ನಾವೂ ನೋಡ್ತೀವಿ.” ಹುಡುಗಿ ಹತ್ತಿದಳು. ವ್ಯಾನು ಹಿಂದಕ್ಕೆ ಸರಿಯುವಾಗ ಬೊನ್‌ಸೊಕ್ ಗೋಡೆಗೆ ಒತ್ತಿ ನಿಂತು ಜಾಗ ಬಿಟ್ಟ. ಗಾಜಿನೊಳಗೆ ಅವಳು ಆಗಲೇ ತಲೆ ವಾಲಿಸಿ ನಿದ್ದೆ ಹೋಗಲು ಹೊಂದಿಸಿಕೊಳ್ಳುತ್ತಿದ್ದಳು.

ಅವನು ಮಿರ್ಯೊಂಗ್‌ಗೆ ಫೋನು ಮಾಡಲಿಲ್ಲ. ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಒಂದು ಕಟ್ಟು ಈರುಳ್ಳಿ ಸೊಪ್ಪು ಕೊಂಡ. ರೈಲಿನಲ್ಲಿ ಸೀಟು ಸಿಕ್ಕಿತು, ಕೂತ. ತೊಡೆಯ ಮೇಲೆ ಬನ್ನಿನ ಚೀಲ, ಅದರ ಮೇಲೆ ಸೊಪ್ಪು. ಹರಿದ ತೋಳನ್ನು ಅಡಿಗೆ ಮಡಚಿಕೊಂಡ. ಎಣಿಸುವುದು ಅವನ ಕಸುಬು. ಹೊಡೆದ ಕಲ್ಲು ಒಂದಕ್ಕೆ ಎರಡು ಮನೆ, ಕಲ್ಲಿನದೊಂದು, ಅದು ಕೂತಿದ್ದ ಜಾಗದ್ದೊಂದು. ಥೆಹೊ ಕಳೆದುಕೊಂಡದ್ದು ಎರಡು ಕಲ್ಲು, ನಾಲ್ಕು ಮನೆ. ಹುಡುಗಿ ಬಿಟ್ಟುಕೊಟ್ಟದ್ದು ಮೂರು ಕಲ್ಲು, ಆರು ಮನೆ. ಒಟ್ಟು ಹತ್ತು ಮನೆ ಸಾಲ.